ಪರದೆಯ ಮೇಲೆ ನನ್ನ ಹೆಸರು

ಸಿನಿಮಾ ಪರದೆಯ ಮೇಲೆ ಒಮ್ಮೆಯಾದರೂ ತನ್ನ ಹೆಸರು ಮೂಡಬೇಕೆಂದು ಒಳಗೊಳಗೇ ಆಸೆಪಡದವರು ಕಡಿಮೆ. ನನಗೆ ಮಾತ್ರ ಬಹಳ ವರ್ಷ ಅದೊಂದೇ ಭಯವಾಗಿತ್ತು. ಎಲ್ಲಿ ನನ್ನ ಹೆಸರು ಬಂದುಬಿಡುತ್ತದೋ ಎಂದು ಕಾದು ಕೂತು ನಾನು ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ನೋಡಿದ ಎನ್ನುವುದೂ ಅಷ್ಟು ಸರಿಯಲ್ಲ. ನಾಯಕಿ ಕಣ್ಣೀರು ಹಾಕುತ್ತಿದ್ದರೆ ಇಡೀ ಟಾಕೀಸು ಅವಳ ಕಣ್ಣು ನೋಡುತ್ತಿತ್ತು. ನಾನು ಅವಳ ಕೊರಳಿನಿಂದ ಕೆಳಗೆ, ಪರದೆಯ ತಳದ ಅಂಚನ್ನು ನೋಡುತ್ತಿದ್ದೆ. ಹೀಗಾಗಿ ನಾನು ನೋಡಿದ ಒಂದು ಸಿನಿಮಾದ ಕಥೆಯನ್ನೂ ಪೂರ್ತಿಯಾಗಿ ಹೇಳಲಾರೆ. ಆ ಕಾಲದ ನಾಯಕಿಯರು ಯಾವ ಯಾವ ಅಂಚಿನ ಸೀರೆ ಉಡುತ್ತಿದ್ದರು ಎಂದು ಕೇಳಿದರೆ ಮಾತ್ರ ಹೇಳಬಲ್ಲೆ.

ಈಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಆಗ ನಮ್ಮ ಚಿಕ್ಕಮಗಳೂರಿನಲ್ಲಿ ಫೋನು ಇದ್ದ ಮನೆಗಳೇ ಅಪರೂಪ. ಇದ್ದರೂ ಕತ್ತಲಲ್ಲಿ ಸಿನಿಮಾ ನೋಡುತ್ತ ಕೂತವನನ್ನು ಕರೆಯುವುದು ಹೇಗೆ? ಅದಕ್ಕೇ ಸಿನಿಮಾಕ್ಕೆ ಹೊರಟವರು ಯಾವ ಟಾಕೀಸು, ಯಾವ ಆಟ ಎಂದು ಪಕ್ಕದ ಮನೆಯವರಿಗೆ ಹೇಳಿ ಹೋಗುವುದು ಪದ್ಧತಿಯಾಗಿತ್ತು. ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಪಕ್ಕದವರು ಟಾಕೀಸಿಗೆ ಓಡಿಬಂದು, ಪ್ರೊಜೆಕ್ಟರ್ ನಡೆಸುವ ಆಪರೇಟರನ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ಅವನು ಒಂದು ಗಾಜಿನ ತುಂಡಿನ ಮೇಲೆ ಶಾಯಿಯಲ್ಲಿ 'ಇಂಥವರು ಕೂಡಲೇ ಹೊರಗೆ ಬರಬೇಕು' ಎಂದು ಗೀಚಿ ದೀಪದ ಮುಂದೆ ಹಿಡಿಯುತ್ತಿದ್ದ. ಸಿನಿಮಾ ಓಡುತ್ತಿರುವಾಗಲೇ ಅದರ ಮೇಲೆ ಆ ಅಕ್ಷರಗಳು ನಡುಗುತ್ತಾ ಮೂಡುತ್ತಿದ್ದವು. ಇದಕ್ಕೆ ಸ್ಲೈಡು ಎಂದು ಹೆಸರು. 'ಅವನಿಗೆ ಸ್ಲೈಡು ಬಂತಂತೆ' ಎಂದರೆ ಮರುದಿನ ಯಾರ ಮನೆಗೆ ಹೋಗಿ ಮಾತಾಡಿಸಿ ಬರಬೇಕೆಂದು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಲ್ಲ ಸ್ಲೈಡುಗಳೂ ಕೆಟ್ಟ ಸುದ್ದಿಯವೇ ಎಂದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ಕಾಫಿ ಹೂವಿಗೆ ಮಳೆ ಕಾಯುವ ದಿನಗಳಲ್ಲಿ ಬಾಲ್ಕನಿಯಲ್ಲಿ ಕೂರುವ ಪ್ಲಾಂಟರುಗಳಿಗೂ ನನ್ನ ಹಾಗೆಯೇ ಸಿನಿಮಾದ ಮೇಲೆ ಗಮನವಿರುತ್ತಿರಲಿಲ್ಲ. ಒಮ್ಮೆ ನಾಯಕ ಕಟಕಟೆಯಲ್ಲಿ ನಿಂತು ತಾನು ನಿರಪರಾಧಿ ಎಂದು ಗೋಳಿಡುತ್ತಿರುವಾಗ ಅವನ ಎದೆಯ ಮೇಲೆ 'ವಸ್ತಾರೆ ಕಡೆ ಒಳ್ಳೆ ಮಳೆ ಬಂದಿದೆ' ಎಂದು ಸ್ಲೈಡು ಬಂತು. ಬಾಲ್ಕನಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಳಗೆ ಕೂತವರು, ತೀರ್ಪು ಬರುವ ಮೊದಲೇ ಇವರೇಕೆ ಚಪ್ಪಾಳೆ ತಟ್ಟುತ್ತಾರೆಂದು ತಿರುಗಿ ನೋಡಿದರು. ಇನ್ನೊಬ್ಬ ಸಾಹುಕಾರರು ತೋಟದ ಲೆಕ್ಕ ಬರೆಯುವ ತಮ್ಮ ರೈಟರನನ್ನು ತಾವೇ ಕಳಿಸಿ, 'ಎಸ್ಟೇಟಿನಲ್ಲಿ ಅರ್ಜೆಂಟ್ ಕೆಲಸವಿದೆ, ಸಾಹುಕಾರರು ಬರಬೇಕು' ಎಂದು ಪ್ರತಿ ಸಿನಿಮಾದಲ್ಲೂ ತಪ್ಪದೆ ಹಾಕಿಸಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರೂ ನೋಡುವಂತೆ ಎದ್ದು, ನಿಧಾನವಾಗಿ ಹೊರಗೆ ಹೋಗಿ, ಕಾಫಿ ಕುಡಿದು ಹಿಂತಿರುಗಿ ಬರುತ್ತಿದ್ದರು. ಅಂಥ ಅದೃಷ್ಟ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನ ಗುಮಾಸ್ತನಾದ ನನಗಿರಲಿಲ್ಲ. ನನ್ನ ಹೆಸರು ಪರದೆಗೆ ಬರುವುದಾದರೆ ಅದಕ್ಕೆ ಇದ್ದದ್ದು ಒಂದೇ ಕಾರಣ, ನಮ್ಮ ಅತ್ತೆ.

ಅತ್ತೆ ಎಂದರೆ ನನ್ನ ಹೆಂಡತಿ ವಿಮಲಾಳ ತಾಯಿ. ಗಂಡ ಎಂದೋ ತೀರಿಕೊಂಡಿದ್ದರಿಂದ, ಮಗಳ ಮದುವೆಯಾದ ಮೇಲೆ ಮೂಡಿಗೆರೆಯಿಂದ ಬಂದು ನಮ್ಮ ಜೊತೆಯಲ್ಲೇ ಇದ್ದರು. ಉಬ್ಬಸದ ಕಾಯಿಲೆ, ಜೊತೆಗೆ ಎದೆಯೂ ಅಷ್ಟು ಗಟ್ಟಿಯಿರಲಿಲ್ಲ. ಆದರೆ ಸಿನಿಮಾ ಹುಚ್ಚು ಮಾತ್ರ ಆರೋಗ್ಯವಾಗಿತ್ತು. ಟಾಕೀಸಿನೊಳಗಿನ ಬೀಡಿ ಹೊಗೆ ಅವರಿಗೆ ಆಗದೆಂದು ಡಾಕ್ಟರು ಹೇಳಿದ ದಿನ ಅವರು ಊಟ ಮಾಡಲಿಲ್ಲ. ಮರುದಿನ ಎದ್ದವರೇ ಹೊಸ ಏರ್ಪಾಡು ಮಾಡಿದರು. ಪ್ರತಿ ಭಾನುವಾರ ಮ್ಯಾಟಿನಿಗೆ ನಾವಿಬ್ಬರೂ ಹೋಗತಕ್ಕದ್ದು, ಬಂದು ಕಥೆಯನ್ನು ಪೂರ್ತಿ ಅವರಿಗೆ ಒಪ್ಪಿಸತಕ್ಕದ್ದು. ಕಥೆ ಹೇಳುವ ಕೆಲಸ ವಿಮಲಾಳದು. ಅವಳು ಹಾಡಿನ ಸಮೇತ, ಅಳುವ ಕಡೆ ಅತ್ತು, ಹೊಡೆದಾಟದ ಕಡೆ ಒಲೆಯ ಊದುಗೊಳವೆ ಹಿಡಿದು ಹೇಳುತ್ತಿದ್ದಳು. ಎಷ್ಟೋ ಸಿನಿಮಾಗಳನ್ನು ನಾನು ತಿಳಿದುಕೊಂಡದ್ದು ಟಾಕೀಸಿನಲ್ಲಲ್ಲ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು.

ಅತ್ತೆಯ ಈ ಹುಚ್ಚಿಗೆ ಒಂದು ಹಿನ್ನೆಲೆಯಿತ್ತು. ಎಳೆಯ ವಯಸ್ಸಿನಲ್ಲಿ ಅವರು ಮೂಡಿಗೆರೆಯ ಟೆಂಟಿನಲ್ಲಿ ನೆರೆಯವರ ಜೊತೆ ಸಿನಿಮಾ ನೋಡುತ್ತಿದ್ದಾಗ ಅವರ ಹೆಸರಿಗೆ ಸ್ಲೈಡು ಬಂದಿತ್ತು. ಸಿನಿಮಾದ ಹುಡುಗಿ, ಜೈಲಿನಲ್ಲಿದ್ದ ಅಣ್ಣನನ್ನು ನೆನೆಯುತ್ತಾ ತುಂಬಿದ ಹೊಳೆಗೆ ಹಾರಿದ್ದಳು. ಅವಳು ಸಾಕಿದ್ದ ಕುಂಟ ಕರು ದಡದಲ್ಲಿ ನಿಂತು ಕೂಗುತ್ತಿತ್ತು. ಆ ಹೊಳೆಯ ಮೇಲೆ ತಮ್ಮ ಹೆಸರು ಕಂಡು ಅತ್ತೆ ಎದ್ದು ಓಡಿದರು. ಮನೆ ಮುಟ್ಟುವ ಮೊದಲೇ ಅವರ ಗಂಡ, ಎಂದರೆ ನಮ್ಮ ಮಾವನವರು, ಹೋಗಿಬಿಟ್ಟಿದ್ದರು. ಅದನ್ನು ಹೇಳುವಾಗ ಅತ್ತೆ ಅಳುತ್ತಿರಲಿಲ್ಲ.

"ನಾನು ಓಡಿ ಬಂದದ್ರಿಂದ ಅವ್ರಿಗೇನೂ ಉಪಯೋಗ ಆಗ್ಲಿಲ್ಲ, ಅಳಿಯಂದ್ರೆ. ಪಿಚ್ಚರ್ ಮಾತ್ರ ಅರ್ಧಕ್ಕೇ ನಿಂತೋಯ್ತು" ಎನ್ನುತ್ತಿದ್ದರು.

ಹುಡುಗಿ ಬದುಕಿದಳೋ ಸತ್ತಳೋ ಎಂದು ಅವರು ಆಮೇಲೆ ಕೇಳದವರಿಲ್ಲ. ಸೂತಕದ ಮನೆಗೆ ಬಂದವರನ್ನೂ ಕೇಳಿ, ಗಂಡ ಸತ್ತಿರುವಾಗ ಇದೆಂಥ ಹೆಂಗಸು ಎನ್ನಿಸಿಕೊಂಡರಂತೆ. ಕೆಲವರು ಬದುಕಿದಳೆಂದರು, ಕೆಲವರು ಸತ್ತಳೆಂದರು. ಆ ಸಿನಿಮಾ ಮತ್ತೆ ಆ ಕಡೆಗೆ ಬರಲೇ ಇಲ್ಲ.

ನಮ್ಮ ಪಕ್ಕದ ಮನೆಯವರು ಬಶೀರ್ ಸಾಹೇಬರು. ಮನೆಯ ಮುಂದೆಯೇ ಅವರ ಗ್ಯಾರೇಜು. ಎಸ್ಟೇಟ್ ಜೀಪುಗಳ ಹೊಟ್ಟೆಯಡಿ ಮಲಗಿಕೊಂಡೇ ಅವರು ಅತ್ತೆಯೊಡನೆ ಹರಟುತ್ತಿದ್ದರು. ಹೊಳೆಗೆ ಹಾರಿದ ಹುಡುಗಿಯ ಕಥೆ ಅವರಿಗೆ ಬಾಯಿಪಾಠವಾಗಿತ್ತು. ಸಿನಿಮಾಕ್ಕೆ ಹೊರಡುವಾಗ ನಾನು ಅವರಿಗೆ ಟಾಕೀಸಿನ ಹೆಸರು ಹೇಳಿ, ಬೀದಿ ತಿರುವಿನಿಂದ ವಾಪಸು ಬಂದು ಇನ್ನೊಮ್ಮೆ ಹೇಳುತ್ತಿದ್ದೆ. "ಗೊತ್ತಾಯ್ತು ಮಾರಾಯ್ರೆ, ನಿಶ್ಚಿಂತೆಯಾಗಿ ಹೋಗಿ ಬನ್ನಿ" ಎಂದು ಜೀಪಿನ ಅಡಿಯಿಂದ ಉತ್ತರ ಬರುತ್ತಿತ್ತು.

ನಿಶ್ಚಿಂತೆ ಎನ್ನುವುದು ನನ್ನ ಜಾತಕದಲ್ಲಿಲ್ಲ. ನಾನು ಯಾವಾಗಲೂ ಬಾಗಿಲ ಹತ್ತಿರದ, ತುದಿಯ ಕುರ್ಚಿಯನ್ನೇ ಹಿಡಿಯುತ್ತಿದ್ದೆ. ಉಳಿದವರು ಚಪ್ಪಲಿ ಕಳಚಿ, ಕಾಲು ಮಡಚಿ, ಕಡಲೆಕಾಯಿ ಬಿಡಿಸುತ್ತಿದ್ದರೆ ನಾನು ಚಪ್ಪಲಿಯಲ್ಲಿ ಕಾಲು ತೂರಿಸಿಕೊಂಡೇ ಕೂರುತ್ತಿದ್ದೆ. ಸ್ಲೈಡು ಬಂದಾಗ ಹುಡುಕುವಂತಾಗಬಾರದಲ್ಲ. ಪರದೆಯ ಮೇಲೆ ಯಾವ ಅಕ್ಷರ ಕಂಡರೂ ಅರ್ಧ ಎದ್ದಿರುತ್ತಿದ್ದೆ. ಒಮ್ಮೆ ಸೈಕಲ್ಲಿಗೆ ಬೀಗ ಹಾಕಿಲ್ಲವೆಂದು ಯಾರಿಗೋ ಬಂದ ಸ್ಲೈಡಿಗೆ ನಾನು ಬಾಗಿಲವರೆಗೂ ಹೋಗಿದ್ದೆ. "ನೀವು ಪಿಚ್ಚರ್ ನೋಡಕ್ಕೆ ಬಂದಿದೀರೋ, ಬಸ್ ಕಾಯಕ್ಕೆ ಬಂದಿದೀರೋ?" ಎಂದು ವಿಮಲಾ ಗೊಣಗಿದಳು. ತಾಯಿ ಅವಳದು, ಭಯ ನನ್ನದು. ಇದೇಕೆ ಹೀಗೆಂದು ನನಗೂ ತಿಳಿಯದು. ನನ್ನ ತಾಯಿಯನ್ನು ನಾನು ಕಂಡವನಲ್ಲ, ಅದೂ ಇರಬಹುದು.

ಕೊನೆಗೊಂದು ದಿನ ಸ್ಲೈಡು ಬಂದೇ ಬಂತು. 'ಕ್ಯೂರಿಂಗ್ ವರ್ಕ್ಸ್ ಚಂದ್ರಯ್ಯನವರು ಕೂಡಲೇ ಹೊರಗೆ ಬರಬೇಕು.' ಇಷ್ಟು ವರ್ಷ ಕಾದಿದ್ದವನು, ಬಂದಾಗ ಎದ್ದೇಳಲಾರದೆ ಹೋದೆ. ವಿಮಲಾಳೇ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ಬಶೀರರ ಜೀಪಿನಲ್ಲಿ ಮನೆಗೆ ಬಂದು ನೋಡಿದರೆ ಅತ್ತೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾರೆ. ಸ್ವಲ್ಪ ಉಬ್ಬಸ ಹೆಚ್ಚಾಗಿತ್ತಂತೆ, ಬಶೀರರು ಹೆದರಿ ಓಡಿಬಂದಿದ್ದರು. ನಮ್ಮನ್ನು ಕಂಡ ಅತ್ತೆ ಕೇಳಿದ ಮೊದಲ ಮಾತು, ಪಿಚ್ಚರ್ ಮುಗೀತಾ ಎಂದು. ಮುಗಿದಿಲ್ಲವೆಂದು ತಿಳಿದಾಗ ಅವರಿಗೆ ಬಂದ ಸಿಟ್ಟನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬಶೀರರೊಡನೆ ಕೆಲವು ದಿನ ಮಾತು ಬಿಟ್ಟರು. ಆಮೇಲೆ ಅವರನ್ನು ಕರೆದು, ಇನ್ನು ಏನೇ ಆದರೂ ಮಕ್ಕಳನ್ನು ಅರ್ಧದಲ್ಲಿ ಎಬ್ಬಿಸಕೂಡದೆಂದು ಮಾತು ತೆಗೆದುಕೊಂಡರು. ಈ ವಿಷಯ ನಮಗೆ ತಿಳಿದದ್ದು ಬಹಳ ತಡವಾಗಿ.

ಅದು ತಿಳಿದ ಭಾನುವಾರದ ಸಿನಿಮಾ ನಗೆಯದು. ಅಳು ಸಿನಿಮಾಗಳಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ನನಗೆ ಮನೆಯ ನೆನಪಾಗುತ್ತಿತ್ತು. ಇದರಲ್ಲಿ ಅಂಥದ್ದೇನೂ ಇರಲಿಲ್ಲ. ಒಬ್ಬ ಪೆದ್ದ ಅಳಿಯ, ಒಬ್ಬ ಜಗಳಗಂಟ ಮಾವ, ಒಂದು ಬಸ್ಸು. ಮಾವನೆಂದು ತಿಳಿಯದೆ ಅಳಿಯ ಅವನನ್ನು ಬಸ್ಸಿನಿಂದ ಕೆಳಗಿಳಿಸುವ ಜಾಗದಲ್ಲಿ ನನಗೆ ಸಣ್ಣದಾಗಿ ನಗು ಹತ್ತಿತು. ಸ್ವಲ್ಪ ಹೊತ್ತಿಗೆ ಅದು ನನ್ನ ಕೈಮೀರಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮುಂದಿನ ಸಾಲಿನವರು ತಿರುಗಿ ನೋಡಿದರೂ ನಕ್ಕೆ. ವಿಮಲಾ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಸಿನಿಮಾ ಮುಗಿದು ದೀಪ ಹತ್ತಿದಾಗ ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಯಾವಾಗ ಕಳಚಿದ್ದೆನೋ, ಬಗ್ಗಿ ಕುರ್ಚಿಗಳ ಅಡಿಯಲ್ಲೆಲ್ಲ ತಡಕಿ ಹುಡುಕಿ, ಅದಕ್ಕೂ ಇಬ್ಬರೂ ನಕ್ಕು, ಎಲ್ಲರಿಗಿಂತ ಕೊನೆಯಲ್ಲಿ ಹೊರಗೆ ಬಂದೆವು.

ಗೇಟಿನ ಹೊರಗೆ ಬಶೀರರು ಜೀಪಿಗೆ ಒರಗಿ ನಿಂತಿದ್ದರು. ತಲೆಯ ಟೋಪಿ ಕೈಯಲ್ಲಿತ್ತು. ನಮ್ಮ ನಗು ಅವರಿಗೆ ಕೇಳಿಸಿತ್ತು.

"ಅಮ್ಮ ಹೋದ್ರು ಸಾರ್" ಎಂದರು. "ಡಾಕ್ಟ್ರನ್ನ ಕರ್ಕೊಂಡ್ ಬಂದೆ, ಅಷ್ಟೊತ್ತಿಗೇ ಆಗ್ಹೋಗಿತ್ತು. ಸ್ಲೈಡ್ ಹಾಕ್ಸಬಾರ್ದು ಅಂತ ಮೊದ್ಲೇ ಮಾತು ತಗೊಂಡಿದ್ರು. ಆದ್ರೂ ತಡೀಲಾರ್ದೆ ಬಂದೆ. ಇಲ್ಲಿ ಬಾಗ್ಲಲ್ಲಿ ನಿಂತ್ರೆ ಒಳಗೆ ಎಲ್ರೂ ನಗ್ತಿದ್ದದ್ದು ಕೇಳ್ತಾ ಇತ್ತು. ಮುಗೀಲಿ ಅಂತ ಇಲ್ಲೇ ಕಾದೆ."

ಆ ನಗುವಿನಲ್ಲಿ ನನ್ನದು ಯಾವುದೆಂದು ಅವರಿಗೆ ಗೊತ್ತಾಗಿದ್ದಿರಲಾರದು. ನನಗೆ ಗೊತ್ತಿತ್ತು. ಅಷ್ಟು ವರ್ಷ ಒಂದು ಕ್ಷಣವೂ ಬಿಡದೆ ಕಾವಲು ಕೂತವನು ಒಂದೇ ಒಂದು ಮಧ್ಯಾಹ್ನ ಮೈಮರೆತಿದ್ದೆ, ಅತ್ತೆ ಅದೇ ಮಧ್ಯಾಹ್ನವನ್ನು ಆರಿಸಿಕೊಂಡಿದ್ದರು. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ವಿಮಲಾ ತಾಯಿಯ ತಲೆಯ ಬಳಿ ಕೂತವಳು ಅಳುತ್ತಾ ಅಳುತ್ತಾ ಇದ್ದಕ್ಕಿದ್ದಂತೆ ಕಥೆ ಹೇಳತೊಡಗಿದಳು. ಒಬ್ಬ ಪೆದ್ದ ಅಳಿಯ ಇದ್ದನಮ್ಮ, ಅವನಿಗೊಬ್ಬ ಜಗಳಗಂಟ ಮಾವ ಇದ್ದನಮ್ಮ, ಎಂದು. ಹೆಂಗಸರು ಮುಖ ಮುಖ ನೋಡಿಕೊಂಡರು. ಪಾಪ, ಬುದ್ಧಿಗೆ ಪೆಟ್ಟಾಗಿದೆ, ಸ್ವಲ್ಪ ನೀರು ಕುಡಿಸಿ ಎಂದು ಯಾರೋ ಪಿಸುಗುಟ್ಟಿದರು. ಅವಳು ನಿಲ್ಲಿಸಲಿಲ್ಲ. ನಗುವ ಕಡೆಯಲ್ಲೂ ಅಳುತ್ತಾ ಹೇಳಿದಳು. ಮಾವನನ್ನು ಅಳಿಯ ಮದುವೆ ಛತ್ರದಿಂದ ಹೊರಗೆ ಹಾಕಿದ ಎಂದಳು. ಕಂಬಕ್ಕೆ ಒರಗಿ ನಿಂತಿದ್ದ ನಾನು, "ಛತ್ರ ಅಲ್ಲ, ಬಸ್ಸು" ಎಂದುಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸಿನಿಮಾದ ಕಥೆ ನನಗೆ ಪೂರ್ತಿ ಗೊತ್ತಿತ್ತು, ಅದಕ್ಕೆ ಬಾಯಿ ತಡೆಯಲಿಲ್ಲ. ವಿಮಲಾ ಮಾತ್ರ ತಲೆಯಾಡಿಸಿ, ಬಸ್ಸಿನಿಂದಲೇ ಇಳಿಸಿ, ಕಥೆಯನ್ನು ಕೊನೆ ಮುಟ್ಟಿಸಿದಳು. ಆಮೇಲೆಯೇ ಚಟ್ಟ ಹೊರುವವರನ್ನು ಒಳಗೆ ಬರಲು ಬಿಟ್ಟಳು.

ಆಮೇಲೆ ನಾವು ಟಾಕೀಸಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಬಂದು ಯಾರಿಗೆ ಹೇಳುವುದು? ಕೆಲವು ವರ್ಷ ಕಳೆದು ಊರಿಗೆ ಟಿವಿ ಬಂತು. ನಮ್ಮ ಹೆಂಚಿನ ಮೇಲೂ ಆಂಟೆನಾ ಏರಿತು. ಗಾಳಿಗೆ ಅದು ತಿರುಗಿದಾಗಲೆಲ್ಲ ಬಶೀರರು ಹತ್ತಿ ಸರಿಮಾಡುತ್ತಿದ್ದರು, ನಾನು ಕೆಳಗೆ ನಿಂತು ಬಂತು, ಹೋಯಿತು ಎಂದು ಕೂಗುತ್ತಿದ್ದೆ. ಟಿವಿಯ ಮುಂದೆ ಹೆದರಿಕೆಯಿಲ್ಲ. ಕರೆಯಬೇಕಾದವರೂ ಕರೆಸಿಕೊಳ್ಳಬೇಕಾದವರೂ ಒಂದೇ ಕೋಣೆಯಲ್ಲಿ ಇರುತ್ತಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಭಾನುವಾರ ಸಂಜೆ ಯಾವುದೋ ಹಳೆಯ ಕನ್ನಡ ಸಿನಿಮಾ ಬರುತ್ತಿತ್ತು. ನಾವಿಬ್ಬರೂ ಬಶೀರರೂ ಕೂತಿದ್ದೆವು. ಅಣ್ಣ ಜೈಲಿಗೆ ಹೋದಾಗಲೂ ನಮಗೆ ಹೊಳೆಯಲಿಲ್ಲ. ಕುಂಟ ಕರು ಕಾಣಿಸಿಕೊಂಡಾಗ ವಿಮಲಾ ನನ್ನ ಕೈ ಹಿಡಿದಳು. "ಅಮ್ಮನ ಪಿಚ್ಚರ್" ಎಂದರು ಬಶೀರರು. ಹುಡುಗಿ ದಡಕ್ಕೆ ಬಂದಳು, ಹೊಳೆ ನೋಡಿದಳು, ಹಾರಿದಳು. ಕರು ಕೂಗಿತು. ಅಷ್ಟರಲ್ಲಿ ಚಿತ್ರ ನಿಂತು, ಟಿವಿಯ ಮೇಲೆ 'ಅಡಚಣೆಗಾಗಿ ಕ್ಷಮಿಸಿ' ಎಂದು ಅಕ್ಷರಗಳು ಮೂಡಿದವು.

ನಾನು ಎದ್ದಿದ್ದೆ. ಎದ್ದದ್ದು ಗೊತ್ತಾದದ್ದು, ಹೊರಗೆ ಜಗಲಿಯ ಕೆಳಗೆ ಚಪ್ಪಲಿ ಮೆಟ್ಟಿಕೊಂಡು ನಿಂತಾಗ. ಎತ್ತ ಹೋಗಬೇಕೆಂದು ತಿಳಿಯದೆ ಬೀದಿ ನೋಡಿದೆ. ಬಶೀರರ ಜೀಪು ಅದರ ಪಾಡಿಗೆ ನಿಂತಿತ್ತು. ಯಾರೂ ಕರೆದಿರಲಿಲ್ಲ. ಒಳಗೆ ಮತ್ತೆ ಸಂಗೀತ ಶುರುವಾಗಿ, ಜೋರಾಗಿ, ನಿಂತಿತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಟಿವಿಯ ಮೇಲೆ 'ಶುಭಂ' ಎಂದಿತ್ತು. ಬಶೀರರು ಟೋಪಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದರಿಂದ ಏನೂ ತಿಳಿಯುವಂತಿರಲಿಲ್ಲ; ಹುಡುಗಿ ಬದುಕಿದ್ದರೂ ಅವರು ಅಳುವವರೇ. ವಿಮಲಾ ಎದ್ದು ಹೋಗಿ ಗೋಡೆಯ ಮೇಲಿನ ಅತ್ತೆಯ ಫೋಟೋದ ಮುಂದೆ ನಿಂತು ಸಣ್ಣ ದನಿಯಲ್ಲಿ ಕೊನೆಯ ಭಾಗವನ್ನು ಹೇಳತೊಡಗಿದಳು. ನಾನು ಚಪ್ಪಲಿ ಬಿಚ್ಚಿ ಒಳಗೆ ಹೋಗುವಷ್ಟರಲ್ಲಿ ಅದೂ ಮುಗಿದಿತ್ತು.