ಹತ್ತಿ ಹಿಂಜಲು ಹೋದ ಮಾಸ್ತರ

ಎಂದೂ ಮಾಡದ ಕೆಲಸದ ಬಗ್ಗೆ ಗಂಟೆಗಟ್ಟಲೆ ಮಾತಾಡುವುದು ನನ್ನ ಹುಟ್ಟುಗುಣ. ಈಜು ಬಾರದಿದ್ದರೂ ವರದಾ ನದಿಯ ಸುಳಿಗಳ ಬಗ್ಗೆ ಈಜುಗಾರರಿಗೇ ಸಲಹೆ ಕೊಟ್ಟವನು. ಬ್ಯಾಡಗಿಯ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರು ನಿವೃತ್ತರಾಗುವ ವರ್ಷ ಈ ಗುಣವೇ ನನ್ನನ್ನು ಹಳ್ಳಕ್ಕೆ ಕೆಡವಿತು. ಅವರು ಖಾದಿಯ ಮನುಷ್ಯ. ಶಾಲು, ಹೂವಿನ ಹಾರ ಏನೂ ಬೇಡ, ಕೈಯಿಂದ ನೂತ ನೂಲಿನ ಹಾರವೊಂದು ಸಾಕು ಎಂದರು. ಉಳಿದ ಮಾಸ್ತರರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ನಾನು ಬಾಯಿ ಹಾಕಿದೆ: “ಅದೇನ್ ಮಹಾ ಬಿಡ್ರಿ ಸರ. ಹತ್ತಿ ಹಿಂಜೂದರಿಂದ ಹಿಡದು ಎಲ್ಲಾ ನಾನ ಮಾಡಿ ತರತೇನಿ.” ಅವರ ಕಣ್ಣು ತುಂಬಿ ಬಂತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಹಿಂಜುವುದೆಂದರೆ ಹತ್ತಿಯನ್ನು ನಾಲ್ಕು ಸಲ ಜಗ್ಗುವುದು ಎಂದುಕೊಂಡಿದ್ದೆ. ಗಂಟು, ಕಸ ಒಂದೂ ಉಳಿಯದಂತೆ ಎಳೆ ಎಳೆಯಾಗಿ ಬಿಡಿಸಬೇಕಂತೆ, ಇಲ್ಲವಾದರೆ ನೂಲು ನೆಟ್ಟಗಾಗದಂತೆ. ಇದನ್ನು ಹೇಳಿದವಳು ನನ್ನ ಹೆಂಡತಿ ಶಿವಲೀಲಾ. ಹೊಸರಿತ್ತಿಯವಳು, ಚಿಕ್ಕಂದಿನಲ್ಲೇ ಹಿಂಜಿ ನೂತವಳು. “ಹುಡುಗರ ಕಿವಿ ಹಿಂಡಿದಂಗಲ್ರೀ ಹತ್ತಿ ಹಿಂಜೂದು. ನಾ ಮಾಡಿಕೊಡ್ಲೇನು?” ಎಂದಳು. ಗಂಡಸಿನ ಮಾತು ಏನಾಗಬೇಕು? ಬೇಡವೆಂದೆ. ರಾಣೆಬೆನ್ನೂರಿಗೆ ಹೋಗಿ, ಗಾದಿ ಮಾಡುವ ಇಮಾಮಸಾಬರಿಂದ ಹತ್ತಿ ಹಿಂಜುವ ಬಿಲ್ಲು ಕೇಳಿ ತಂದೆ. ಮಷೀನು ಬಂದ ಮೇಲೆ ಅದು ಅವರ ಗೋಡೆಗೆ ತೂಗುತ್ತಿತ್ತು. “ಗಾಳಿ ಬರದ ಖೋಲ್ಯಾಗ ಹಿಂಜ್ರಿ ಮಾಸ್ತರ, ಇಲ್ಲಾಂದ್ರ ಹತ್ತಿ ಹಾರಿ ಹೋಗತೈತಿ,” ಎಂದರು. ಬಸ್ಸಿನಲ್ಲಿ ಆಳೆತ್ತರದ ಬಿಲ್ಲು ಹಿಡಿದು ನಿಂತ ನನ್ನನ್ನು ಕಂಡು ಕಂಡಕ್ಟರ್, “ಇವತ್ತ ಯಾವ ಊರಾಗ ನಾಟಕ ಐತ್ರಿ?” ಎಂದ.

ನಮ್ಮ ಮನೆಯಲ್ಲಿ ಗಾಳಿ ಬರದ ಖೋಲಿ ಒಂದೇ. ಅದರ ಹಿಂದಿನ ವಾರದವರೆಗೂ ಅಲ್ಲಿ ಮೆಣಸಿನಕಾಯಿ ಚೀಲಗಳಿದ್ದವು. ಒಂದು ಸಲ ಕಸ ಗುಡಿಸಿದೆ, ಸ್ವಚ್ಛವಾಯಿತೆಂದುಕೊಂಡೆ. ಬ್ಯಾಡಗಿಯಲ್ಲಿ ಬೆಳೆದ ಮೂಗಿಗೆ ಮೆಣಸಿನಕಾಯಿ ವಾಸನೆ ಹತ್ತುವುದೇ ಇಲ್ಲ. ಹತ್ತಿ ಹರವಿ, ಬಿಲ್ಲಿನ ಹುರಿಗೆ ಮರದ ಕೊಡತಿಯಿಂದ ನಾಲ್ಕು ಏಟು ಹಾಕಿದೆನೋ ಇಲ್ಲವೋ, ನೆಲದ ಸಂದಿಯ ಖಾರಪುಡಿಯೆಲ್ಲ ಹತ್ತಿಯ ಜೊತೆ ಎದ್ದು ಬಂತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಪರ ಊರಿನವರಿಗೆಲ್ಲ ಹೇಳುವವನು ನಾನೇ. ಹೊರಗೋಡಿ ಬಂದು ಸೀನುತ್ತ ನಿಂತಾಗ ಪಕ್ಕದ ಮನೆಯ ನೀಲವ್ವ, “ಯಾರಿಗೆ ದೃಷ್ಟಿ ತಗ್ಯಾಕತ್ತೀರಿ, ಇಷ್ಟು ಘಾಟು?” ಎಂದು ಕೇಳಿದಳು.

ಆಮೇಲೆ ಶಿವಲೀಲಾ ಹೊಸ ಹತ್ತಿ ತರಿಸಿ, ಪಡಸಾಲೆಯಲ್ಲಿ ಕೂತು ಬೆರಳಲ್ಲೇ ಹಿಂಜಿ ನೂತಳು. ಅವಳ ಪಕ್ಕ ಕೂತು ನಾನು ಹಿಂಜಿ ನೂತದ್ದು ನಾಲ್ಕು ಮಾರು, ಅದೂ ಗಂಟು ಗಂಟು. ಅದನ್ನೂ ಸೇರಿಸಿ ಹಾರ ಮಾಡಿದಳು.

ಬೀಳ್ಕೊಡುಗೆಯ ದಿನ ಹೆಡ್‌ಮಾಸ್ತರರು ಕೊರಳಿನ ಹಾರದ ಮೇಲೆ ಬೆರಳಾಡಿಸುತ್ತ ಗಂಟುಗಳಿದ್ದ ಕಡೆ ಬಂದು ತಡೆದರು. “ಇಷ್ಟು ಚಲೋ ನೂಲಿನಾಗ ಇದೊಂದೀಟು ಯಾಕೋ ಹಿಂಜೇ ಇಲ್ಲಲ್ಲ. ಯಾರ್ದಿದು?” ಮೈಕು ಚಾಲೂ ಇತ್ತು, ಇಡೀ ಶಾಲೆ ಕೇಳುತ್ತಿತ್ತು. “ನಮ್ಮಾಕೀದ್ರಿ ಸರ. ಇನ್ನೂ ಕಲಿಯಾಕತ್ತಾಳ,” ಎಂದುಬಿಟ್ಟೆ. ಎದುರಿನ ಸಾಲಿನಲ್ಲಿ ಕೂತಿದ್ದ ಶಿವಲೀಲಾ ಸಿಟ್ಟಾಗಲಿಲ್ಲ, ನಕ್ಕಳು. ಅದೇ ನನ್ನನ್ನು ಕೊಂದಿತು. “ಸುಳ್ಳ ಹೇಳಿದೆ ಸರ. ಗಂಟೆಲ್ಲ ನನ್ನವು, ಉಳಿದದ್ದೆಲ್ಲ ಆಕೀದು,” ಎಂದೆ.

ಹುಡುಗರು ಗೊಳ್ಳೆಂದು ನಕ್ಕರು. ಹೆಡ್‌ಮಾಸ್ತರರು ನನ್ನ ಭುಜ ತಟ್ಟಿ, “ಚಿಂತಿ ಮಾಡಬ್ಯಾಡ್ರಿ. ನಾಳೆಯಿಂದ ನಾ ಖಾಲಿನ ಇರತೇನಿ, ಬಂದು ಕಲಸ್ತೇನಿ,” ಎಂದರು. ಸಮಾಧಾನದ ಮಾತೆಂದುಕೊಂಡಿದ್ದೆ. ಈಗ ಎರಡು ವರ್ಷವಾಯಿತು, ದಿನಾ ಮುಂಜಾನೆ ಆರಕ್ಕೆ ಬಾಗಿಲು ಬಡಿಯುತ್ತಾರೆ. ಶಿವಲೀಲಾ ಅವರ ಕೈಗೆ ಚಹಾ ಕೊಡುತ್ತಾಳೆ, ನನ್ನ ಕೈಗೆ ಹತ್ತಿ.