ಉಪ್ಪಿನಕಾಯಿ ಎಂಬ ಫೈಲು

ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡರೂ ಯಾರೂ ಯಾಕೆಂದು ಕೇಳದ ಜಾಗ ಒಂದೇ, ಬಚ್ಚಲುಮನೆ. ಅಲ್ಲೂ ಹತ್ತು ನಿಮಿಷ ದಾಟಿದರೆ "ಏನಾಯ್ತೇ?" ಅಂತ ಬಾಗಿಲು ಬಡಿಯುತ್ತಾರೆ. ನನ್ನ ಹೆಸರಿಗೆ ಬಂದ ಕಾಗದವನ್ನು ನಮ್ಮವರು ಒಡೆದು ಓದಿ, ಅತ್ತೆಗೆ ಸಾರಾಂಶ ಹೇಳಿ, ಆಮೇಲೆ "ನಿನಗೊಂದು ಕಾಗದ ಬಂದಿದೆ" ಅಂತ ನನ್ನ ಕೈಗೆ ಕೊಡುವುದು ವಾಡಿಕೆ. ಇದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ನಮ್ಮಲ್ಲಿ ಗುಟ್ಟು ಅನ್ನುವುದಿಲ್ಲ, ಕಾಯಿಲೆ ಅನ್ನುತ್ತಾರೆ.

ಇಂಥ ಮನೆಗೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಬಂತು. ಜೆ.ಪಿ. ನಗರದ ನಮ್ಮ ಮನೆಯ ನಡುಮನೆಯಲ್ಲಿ, ಟಿವಿಯ ಪಕ್ಕ, ಅದರ ಪ್ರತಿಷ್ಠಾಪನೆಯಾಯಿತು. ಅತ್ತೆ ಕ್ರೋಶದಲ್ಲಿ ಹೆಣೆದು ಒಂದು ಮುಸುಕು ಹೊದಿಸಿದರು. ಮಗಳು ಅದರಲ್ಲಿ ಕಾರು ಓಡಿಸುವ ಆಟ ಆಡುತ್ತಿದ್ದಳು. ನಮ್ಮವರು ಬಡಾವಣೆ ಸಂಘದ ಕಾರ್ಯದರ್ಶಿ. ಚರಂಡಿಯ ಬಗ್ಗೆ ಪತ್ರ ಬರೆಯುತ್ತಿದ್ದರು. ಅತ್ತೆ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕನ್ನಡ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಮಧ್ಯಾಹ್ನ ಭಜನಾ ಮಂಡಳಿಯ ಹಾಡುಗಳನ್ನು ಕಣ್ಮುಚ್ಚಿ ಟೈಪ್ ಮಾಡುತ್ತಿದ್ದರು.

ನಾನು ಬರೆಯುತ್ತಿದ್ದದ್ದು ಅತ್ತೆಯನ್ನು. ಒಂದು ದಿನ ಬಂದ ನೆಂಟರೆದುರು ಅವರು, "ನಮ್ಮ ವತ್ಸಲಾ ಮಾಡೋ ಸಾರಲ್ಲಿ ಊಟಾನೂ ಮಾಡಬಹುದು, ಕೈನೂ ತೊಳೀಬಹುದು" ಅಂದರು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹೋದ ಮೇಲೆ ನಾನು ಕಂಪ್ಯೂಟರ್ ಮುಂದೆ ಕೂತು ಅದನ್ನೆಲ್ಲ ಬರೆದೆ. ಎಷ್ಟು ಹಗುರವಾಯಿತೆಂದರೆ, ಆಮೇಲೆ ಅದೇ ಅಭ್ಯಾಸವಾಯಿತು. ಕೆಲವು ದಿನ ಅತ್ತೆ ಏನೂ ಅನ್ನದೆ ಸುಮ್ಮನಿದ್ದರೆ ನನಗೇ ಬೇಸರವಾಗುತ್ತಿತ್ತು.

ಈಗ ಅದನ್ನು ಬಚ್ಚಿಡುವ ಚಿಂತೆ. ಕಂಪ್ಯೂಟರಿಗೇ ಪಾಸ್‌ವರ್ಡ್ ಹಾಕೋಣ ಅಂದೆ. "ಇದೇನು ಮನೇನೋ ಮಿಲಿಟರಿ ಕ್ಯಾಂಪೋ? ನಮ್ಮನಮ್ಮಲ್ಲೇ ಎಂಥ ಮುಚ್ಚುಮರೆ!" ಅಂದರು ನಮ್ಮವರು. ಸರಿ, ಫೈಲಿಗೆ ಮಾತ್ರ ಹಾಕಿ, ಮೂರೇ ದಿನಕ್ಕೆ ಮರೆತೆ. ಮೊದಲ ಎಂಟು ಪುಟ ಇವತ್ತಿಗೂ ಅದರೊಳಗೇ ಇವೆ. ನನ್ನ ಗುಟ್ಟು ನನ್ನಿಂದಲೇ ಅಷ್ಟು ಭದ್ರ. ಕೊನೆಗೆ ಮಗಳನ್ನು ಕೇಳಿದೆ. "ಅಮ್ಮಾ, ಯಾರಿಗೂ ಓಪನ್ ಮಾಡಬೇಕು ಅನ್ನಿಸದಂಥ ಬೋರಿಂಗ್ ಹೆಸರು ಕೊಡು, ಅಷ್ಟೇ" ಅಂದಳು. ತುಂಬ ಯೋಚಿಸಿ 'ಮಾವಿನಕಾಯಿ ಉಪ್ಪಿನಕಾಯಿ' ಅಂತ ಹೊಸ ಫೈಲಿಗೆ ಹೆಸರಿಟ್ಟು, ಸಾರಿನ ಕಥೆಯಿಂದಲೇ ಮತ್ತೆ ಶುರುಮಾಡಿದೆ. ನಮ್ಮವರಾಗಲಿ ಮಗಳಾಗಲಿ ಅದರ ಹತ್ತಿರವೂ ಸುಳಿಯಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಆ ಮನೆಯಲ್ಲಿ ಉಪ್ಪಿನಕಾಯಿ ಅಂದರೆ ಪ್ರಾಣ ಬಿಡುವ ಮೂರನೆಯವರೊಬ್ಬರು ಇದ್ದಾರೆನ್ನುವುದು ಎರಡು ತಿಂಗಳು ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಫೈಲು ತೆರೆದರೆ, ತುಂಬ ಕೆಂಪಕ್ಷರ. ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಲಾಗಿತ್ತು. ಒಂದು ಕಡೆ, "ಅವತ್ತು ಮಂಗಳವಾರ ಅಲ್ಲ, ಸೋಮವಾರ. ನಾನು ಒಪ್ಪೊತ್ತು" ಅಂತ ಟಿಪ್ಪಣಿ. ಇನ್ನೊಂದು ಕಡೆ, "ಸಾರು ನಿಜಕ್ಕೂ ತೆಳ್ಳಗಿತ್ತು."

ಅತ್ತೆ ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಳು ತೆಗೆದುಕೊಂಡೆ.

"ಓದಿದೆ ಕಣೆ," ಅಂದರು ಅವರೇ. "ಚೆನ್ನಾಗಿ ಬರೀತೀಯ. ಒತ್ತಕ್ಷರ ಮಾತ್ರ ನಿನಗೆ ಬರಲ್ಲ."

"ಬೇಜಾರಾಯ್ತಾ ಅತ್ತೆ?"

"ಹನ್ನೆರಡನೇ ಪುಟ ನೋಡಿದ್ಯಾ? ಅಲ್ಲಿ ನಾನು ಏನೂ ತಿದ್ದಿಲ್ಲ."

ಹನ್ನೆರಡನೇ ಪುಟದಲ್ಲಿದ್ದದ್ದು ನನ್ನ ಅಪ್ಪನ ವಿಷಯ. ಕಣ್ಣಿನ ಆಪರೇಷನ್ ಆದಮೇಲೆ ಅಪ್ಪ ನಮ್ಮಲ್ಲಿ ಹತ್ತು ದಿನ ಇದ್ದರು. ಅವರಿಗೆ ಕೇಳುವ ಹಾಗೆ ಅತ್ತೆ, "ಇದೇನು ಮನೆಯೋ ಛತ್ರವೋ" ಅಂದಿದ್ದರು. ಅಪ್ಪ ಅವತ್ತೇ ಕರಿ ಕನ್ನಡಕ ಹಾಕಿಕೊಂಡು, ಆಟೋ ಹತ್ತಿ ಶ್ರೀನಗರದ ತಮ್ಮ ಮನೆಗೆ ಹೊರಟುಬಿಟ್ಟರು. ಆಮೇಲೆ ಈ ಕಡೆ ಬಂದಿರಲಿಲ್ಲ.

"ನಾನು ಅಂದಿದ್ದು ಹೌದು," ಅಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ. "ಅವರಿಗೆ ಕೇಳಿಸ್ತು ಅಂತ ನೀನು ಬರೆದಮೇಲೇ ನನಗೆ ಗೊತ್ತಾಗಿದ್ದು."

ಮುಂದಿನ ಭಾನುವಾರ ಅವರು ಒಬ್ಬರೇ ಶ್ರೀನಗರಕ್ಕೆ ಹೋಗಿ ಬಂದರು. ಏನು ಮಾತಾಡಿದಿರಿ ಅಂತ ಕೇಳಿದರೆ ಅತ್ತೆಯೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಅಪ್ಪ ಮಾತ್ರ ಯುಗಾದಿಗೆ ಊಟಕ್ಕೆ ಬಂದರು, ಎರಡನೇ ಸಲ ಸಾರು ಬಡಿಸಿಕೊಂಡರು.

ಹಬ್ಬ ಕಳೆದು ಕೆಲವು ದಿನಕ್ಕೆ ಕಂಪ್ಯೂಟರಿನಲ್ಲಿ 'ಸೊಸೆ' ಅನ್ನುವ ಹೊಸ ಫೈಲು ಕಂಡಿತು. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಇನ್ನೊಬ್ಬರ ಖಾಸಗಿ ಬರಹಕ್ಕೆ ಕೈಹಾಕುವುದು ಅಸಭ್ಯತನ ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದ್ದರಿಂದ ಅತ್ತೆ ದೇವಸ್ಥಾನಕ್ಕೆ ಹೋಗುವವರೆಗೂ ಕಾದೆ. ಅವರ ಮನೆದೇವರ ಹೆಸರು ಹಾಕಿದೆ, ನಮ್ಮವರದು ಹಾಕಿದೆ, ಮಗಳದು ಹಾಕಿದೆ. ತೆರೆಯಲಿಲ್ಲ. ಬೆನ್ನ ಹಿಂದೆ ಬಂದು ನಿಂತಿದ್ದ ಮಗಳು, "ಅಮ್ಮಾ, ನಿನ್ನ ಹೆಸರು ಹಾಕಿ ನೋಡಿದ್ಯಾ?" ಅಂದಳು.

ಅದು ನನಗೆ ಹೊಳೆದಿರಲಿಲ್ಲ ಅಂತಲ್ಲ. ಹಾಕಿದರೆ ಎಲ್ಲಿ ತೆರೆದುಬಿಡುತ್ತದೋ ಅನ್ನುವ ಹೆದರಿಕೆ. ಮುಸುಕು ಹೊದಿಸಿ ಎದ್ದು ಬಂದೆ.