ಆರದ ಚುಕ್ಕೆ

ಕರಡಣ್ಣನ ಕೆಲಸವೆಂದರೆ ಮನೆಯಲ್ಲೇ ಕೂತು ಶಾಲಾ ಪುಸ್ತಕಗಳ ಕರಡು ತಿದ್ದುವುದು. ಹಾಳೆ, ಕೆಂಪು ಪೆನ್ನು, ಮೂಗಿನ ತುದಿಗೆ ಕನ್ನಡಕ, ಅಷ್ಟೇ. ಲ್ಯಾಪ್‌ಟಾಪಿನ ಮೌಸ್ ಮುಟ್ಟುತ್ತಿದ್ದುದು ದಿನಕ್ಕೆರಡು ಸಲ. ಮೂರು ನಿಮಿಷ ಮೌಸ್ ಅಲ್ಲಾಡದಿದ್ದರೆ ಪರದೆಯಲ್ಲಿ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿಹೋಗುತ್ತಿತ್ತು.

ಆ ಬೆಳಿಗ್ಗೆ ಮ್ಯಾನೇಜರರ ಸಂದೇಶ ಬಂತು: ಮನೆಯಲ್ಲಿ ಕೂತವರು ನಿಜವಾಗಿ ದುಡಿಯುತ್ತಾರೋ ಇಲ್ಲವೋ, ಇವತ್ತು ಪರೀಕ್ಷೆ. ಮೂರು ಸಲ ಚುಕ್ಕೆ ಆರಿದವರು ನಾಳೆಯಿಂದ ಆಫೀಸಿಗೆ.

ಕರಡಣ್ಣ ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಮೌಸ್ ಹಿಡಿದ. ಹೆಂಡತಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ. ಮಗಳು ಒಂದು ಗಂಟೆಗೆ ಶಾಲೆಯಿಂದ ಬಂದರೆ ಬಾಗಿಲು ತೆಗೆಯಲು ಅವನೊಬ್ಬನೇ. ಹತ್ತು ಗಂಟೆಯೊಳಗೇ ಚುಕ್ಕೆ ಎರಡು ಸಲ ಆರಿಯೂ ಆಯಿತು: ಒಮ್ಮೆ ನದಿಗಳ ಪಾಠದಲ್ಲಿ, ಇನ್ನೊಮ್ಮೆ ಭಿನ್ನರಾಶಿಯಲ್ಲಿ.

ಪಕ್ಕದ ಮನೆಯ ಟೈಲರಮ್ಮ ಕಿಟಕಿಯಿಂದ ಇಣುಕಿದಳು. "ಏನ್ರೀ ಕರಡಣ್ಣಾ, ಮೌಸ್ ಹಿಡ್ಕೊಂಡು ಹಿಟ್ಟು ನಾದ್ತಾ ಇದೀರಾ?"

ಅವನು ಸಂಕಟ ತೋಡಿಕೊಂಡ.

"ಇಪ್ಪತ್ತು ವರ್ಷದಿಂದ ನಾನೂ ಮನೇಲೇ ದುಡೀತಿದೀನಿ, ನಂಗ್ಯಾರೂ ಚುಕ್ಕೆ ಇಟ್ಟಿಲ್ಲಪ್ಪ. ಲ್ಯಾಪ್‌ಟಾಪು, ಮೌಸು ಎಲ್ಲಾ ಎತ್ಕೊಂಡ್ ಬನ್ನಿ ಇಲ್ಲಿ!"

ಹೊಲಿಗೆ ಯಂತ್ರದ ಸೂಜಿಯ ಪಕ್ಕದಲ್ಲಿ ಅಂಟುಟೇಪು ಸುತ್ತಿ ಮೌಸನ್ನು ಕಟ್ಟಿದ್ದಾಯಿತು. ಅದರಡಿಯಲ್ಲಿ ಬಟ್ಟೆ ಸರಿದಂತೆಲ್ಲ ಪರದೆಯ ಮೇಲಿನ ಬಾಣ ಬಾಲ ಸುಟ್ಟ ಬೆಕ್ಕಿನಂತೆ ಓಡತೊಡಗಿತು. ಕರಡಣ್ಣ ಮೂಲೆಯಲ್ಲಿ, ಚಿಂದಿ ಬಟ್ಟೆಗಳ ರಾಶಿಯ ಮೇಲೆ ಕೂತು ಹಾಳೆ ತಿರುವಿದ.

ರವಿಕೆ ಕೊಡಲು ಬಂದವಳೊಬ್ಬಳು ಕೇಳಿದಳು, "ಇದೇನಕ್ಕಾ, ಹೊಸ ಮಿಷನ್ನಾ?"

"ಇದು ಅಣ್ಣನ ಆಫೀಸು. ಮುಟ್ಟಬೇಡ!"

ಹನ್ನೆರಡಕ್ಕೆ ದಾರ ತುಂಡಾಯಿತು. ಸೂಜಿಗೆ ಪೋಣಿಸಿದಷ್ಟೂ ತಪ್ಪುತ್ತಿತ್ತು. "ಎರಡು ನಿಮಿಷ ಆಯ್ತು!" ಎಂದು ಕರಡಣ್ಣ ಕಿರುಚಿದ. ರವಿಕೆಯವಳು ತಡಮಾಡದೆ ಬಟ್ಟೆಯ ತುದಿ ಹಿಡಿದು ಎಳೆದಳು. ಚುಕ್ಕೆ ಉಳಿಯಿತು, ಬಟ್ಟೆ ಹರಿಯಿತು.

ಒಂದು ಗಂಟೆಗೆ ಮಗಳು ಬಂದು ನೋಡಿದಳು. "ಅಪ್ಪಾ, ನಿನ್ ಕೆಲ್ಸ ಆಂಟಿ ಮಾಡ್ತಿದಾರಾ?"

"ಇಲ್ಲ ಪುಟ್ಟಾ, ಕೆಲ್ಸ ನಾನೇ ಮಾಡ್ತಿದೀನಿ. ಮಾಡ್ತಿದೀನಿ ಅಂತ ತೋರಿಸ್ತಿರೋದು ಆಂಟಿ."

ಟೈಲರಮ್ಮನಿಗೆ ಸಂಜೆಯೊಳಗೆ ನಲವತ್ತು ಸಮವಸ್ತ್ರ ಮುಗಿಸಬೇಕಿತ್ತು, ಊಟಕ್ಕೂ ಏಳಲಿಲ್ಲ. ಐದು ಗಂಟೆಗೆ ಕರಡಣ್ಣ ಕೊನೆಯ ಹಾಳೆ ಮಡಚಿಟ್ಟು ಉಸಿರು ಬಿಟ್ಟ. ಫೋನ್ ಬಡಿದುಕೊಂಡಿತು.

"ಏನ್ರೀ ಇದು!" ಮ್ಯಾನೇಜರರ ದನಿ ಗದ್ಗದವಾಗಿತ್ತು. "ಹತ್ತೂವರೆಯಿಂದ ಒಂದೇ ಸಮ ಹಸಿರು! ಊಟಕ್ಕೂ ಎದ್ದಿಲ್ಲ! ಇಡೀ ಕಂಪನೀಲಿ ನೀವೊಬ್ರೇ!"

"ಸಾರ್, ಅರವತ್ತೆರಡು ಪುಟ ತಿದ್ದಿದೀನಿ..."

"ಅದಿರ್ಲಿ ಬಿಡ್ರೀ, ಅದನ್ನ ಯಾರ್ ಬೇಕಾದ್ರೂ ಮಾಡ್ತಾರೆ. ಬೇರೆಯವರ ಚುಕ್ಕೆ ಕಾಯೋಕೆ ನಂಬಿಗಸ್ಥರೊಬ್ರು ಬೇಕಿತ್ತು, ಸಿಕ್ಕಿದ್ರಿ. ನಾಳೆ ಒಂಬತ್ತಕ್ಕೆ ಆಫೀಸಿಗೆ ಬಂದ್ಬಿಡಿ. ಆ ಕೆಲ್ಸ ಮನೇಲಿ ಕೂತು ಮಾಡೋಕಾಗಲ್ಲ ನೋಡಿ."